ಕೆಂಪು ಕೇಬಲ್ಲು, ಕರಿ ಕೇಬಲ್ಲು

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂದರೆ ಅದು ದೋರನಹಳ್ಳಿಯ ಆಚೆಯ ಪಂಪಿನದ್ದೇ ಎಂದು ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಫೋನ್ ಮಾಡುವವರು ಅಲ್ಲಿ ಪಂಪು ನೋಡಿಕೊಳ್ಳುವ ಅಣ್ಣ. ಮನೆ ಮುಳುಗುತ್ತಿದ್ದರೂ ಕ್ಷೇಮಸಮಾಚಾರ ಮುಗಿಯದೆ ಕೆಲಸದ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

"ಅಕ್ಕೋರ, ಊಟ ಆತೇನ್ರಿ?"

"ಆಗ್ಯಾದ್ರಿ ಅಣ್ಣಾ. ಪಂಪ್ ನಿಂತದೇನ್ರಿ?"

"ನಿಂತದರಿ. ಮುಂಜಾನಿಂದ ಛಲೋ ನಡದಿತ್ತು. ಬಿಸಲು ಏರಿದ ಮ್ಯಾಲ ಕೆಂಪು ದೀಪ ಹಚ್ಚಿ ಕುಂತುಬಿಟ್ಟದ."

ನಾನು ಸುರಪುರದವಳು. ಕೆಲಸ ಮಾತ್ರ ಯಾದಗಿರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಸೋಲಾರ್ ಫಲಕದಿಂದ ಬರುವ ಕರೆಂಟನ್ನು ಪಂಪಿಗೆ ಒಗ್ಗುವಂತೆ ಮಾಡುವ ಕನ್ವರ್ಟರುಗಳನ್ನು ಅಲ್ಲಿ ತಯಾರಿಸುತ್ತೇವೆ. ಬಿಲ್ಲಿನ ಮೇಲೆ ಅದಕ್ಕೆ ದೊಡ್ಡ ಹೆಸರು, ಊರಲ್ಲಿ ಬರೀ ಡಬ್ಬಿ. ಅದರೊಳಗೆ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಆನ್ ಆಗಿ ಆಫ್ ಆಗುತ್ತವೆ. ಹೊರಗೆ ಏನಾಗುತ್ತಿದೆ ಎಂದು ಅಳೆದು, ಎಷ್ಟು ಹೊತ್ತು ಆನ್ ಇರಬೇಕೆಂದು ಪ್ರತಿ ಸಲ ತಿದ್ದುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಆ ತಿದ್ದುವಿಕೆಯ ಲೆಕ್ಕ ಹಾಕುವುದು ನನ್ನ ಕೆಲಸ. ರೊಟ್ಟಿ ಬೇಯಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಹಂಚು ಆರಿತು ಎಂದು ತಡವಾಗಿ ಗೊತ್ತಾಗಿ ಕಟ್ಟಿಗೆ ತುರುಕಿದರೆ ಒಂದು ರೊಟ್ಟಿ ಹಸಿ, ಮುಂದಿನದು ಕರಕಲು. ತಿದ್ದುವುದು ತಡವಾಗಬಾರದು, ಅತಿಯೂ ಆಗಬಾರದು. ಈ ಎರಡರ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಮೊದಲೇ ನೋಡಿಕೊಳ್ಳುವುದಕ್ಕೆ ಸ್ಥಿರತೆಯ ಪರೀಕ್ಷೆ ಎನ್ನುತ್ತೇವೆ. ಈ ಡಬ್ಬಿಯಲ್ಲಿ ಬೇಕಾದಷ್ಟು ಜಾಗ ಉಳಿಸಿದ್ದೆ. ಟೇಬಲ್ಲಿನ ಮೇಲೆ ಎಷ್ಟು ಕಾಡಿಸಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ನನಗೆ ಅದರ ಮೇಲೆ ಹೆತ್ತವರ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ.

ಮೊದಲ ಸಲ ಹೋದಾಗ ನಾನು ಕಂಡದ್ದು ಹೀಗಿತ್ತು. ಊರ ಹೊರಗೆ ಕಲ್ಲುಗರಸಿನ ಮೊರಡಿ ನೆಲದ ದಿಬ್ಬ, ದಿಬ್ಬದ ಮೇಲೆ ಒಂದು ಓಣಿ. ಹೆಚ್ಚಿನವರು ಕೂಲಿಗೆ ಹೋಗುವವರು. ಓಣಿಯ ತುದಿಗೆ ಕಲ್ಲು ಕಟ್ಟಿ ಗಿಲಾವು ಮಾಡಿದ ದೊಡ್ಡ ಟ್ಯಾಂಕಿ, ಅದರ ಗೋಡೆಯ ಮೇಲೆ ಯಾರೋ ಮನಸ್ಸಿಟ್ಟು ಬರೆದ ಬುದ್ಧನ ಚಿತ್ರ. ಸೋಲಾರ್ ಫಲಕಗಳೂ ಅಲ್ಲೇ. ಕೆನಾಲು ಇರುವುದು ಕೆಳಗೆ, ಕಪ್ಪು ಮಣ್ಣಿನ ಎರಿ ಹೊಲಗಳನ್ನು ದಾಟಿ. ಎರಿ ಮಣ್ಣಿನಲ್ಲಿ ಕಂಬ ನೆಟ್ಟರೆ ಮಳೆಗಾಲಕ್ಕೆ ಒಂದು ಕಡೆ ವಾಲುತ್ತದೆ, ಬೇಸಿಗೆಗೆ ಇನ್ನೊಂದು ಕಡೆ. ಹಾಗಾಗಿ ಫಲಕ ಮೇಲೆ, ಪಂಪು ಕೆಳಗೆ, ನಡುವೆ ಉದ್ದಕ್ಕೆ ಕೇಬಲ್ಲು. ಪಂಪು ಮತ್ತು ಡಬ್ಬಿ ಎರಡೂ ಒಂದು ಕಬ್ಬಿಣದ ಕೈಗಾಡಿಯ ಮೇಲೆ, ಕೆನಾಲಿನ ದಂಡೆಯ ಬೇವಿನ ಗಿಡದ ನೆರಳಲ್ಲಿ.

ಕೈಗಾಡಿ ಯಾಕೆ ಎಂದು ಕೇಳಿದ್ದಕ್ಕೆ ಅಣ್ಣ ನಕ್ಕರು. ಕೆನಾಲು ಬಂದ್ ಆದಮೇಲೂ ಮುಂದಿನ ತಿರುವಿನ ತಗ್ಗಿನಲ್ಲಿ ನೀರು ಕೆಲವು ದಿನ ನಿಲ್ಲುತ್ತದಂತೆ. ಅದನ್ನೂ ಬಿಡದೆ ಎತ್ತಿಕೊಳ್ಳುವುದು ಇಲ್ಲಿನ ರೂಢಿ. ಡೀಸೆಲ್ ಇಂಜಿನ್ ಇದ್ದಾಗ ಅದನ್ನು ತಳ್ಳಿಕೊಂಡು ಹೋಗುತ್ತಿದ್ದರು, ಈಗ ಇದನ್ನು. ಅದಕ್ಕೇ ಹೆಚ್ಚಿನ ಕೇಬಲ್ಲನ್ನು ಕತ್ತರಿಸದೆ ಉಳಿಸಿಕೊಂಡಿದ್ದರು.

ಆ ಟ್ಯಾಂಕಿ ಅವರಿಗೆ ಏನಾಗಿತ್ತು ಎಂಬುದನ್ನು ನನಗೆ ಹೇಳಿದ್ದು ಅಣ್ಣನಲ್ಲ, ಅವರ ಹೆಂಡತಿ. ಆಕೆಗೆ ಸುತ್ತುಬಳಸಿ ಮಾತಾಡಿ ಗೊತ್ತಿಲ್ಲ.

"ಕೆನಾಲ ಬಂದ್ ಆತಂದ್ರ ಮಳಿ ಬರೂತನಕ ಈ ಟ್ಯಾಂಕಿನೇ ನಮಗ ಗತಿ ನೋಡ್ರಿ. ಮೊದಲ ಇದು ಇದ್ದಿಲ್ಲ. ಊರಾಗಿನ ಬಾವಿಗಿ ಹೋಗ್ತಿದ್ವಿ. ಹೋಗ್ತಿದ್ವಿ ಅಂದ್ರ, ಕೊಡ ಕೆಳಗಿಟ್ಟು ದೂರ ನಿಂದರಬೇಕು. ಯಾರರ ಬಂದು ಸೇದಿ ಹಾಕಬೇಕು. ಹಾಕಿದ್ರ ನೀರು, ಇಲ್ಲಂದ್ರ ಬಿಸಲು."

ಕೋಪವಿಲ್ಲದೆ, ಇವತ್ತಿನ ಪಲ್ಯ ಯಾವುದು ಎಂದು ಹೇಳುವ ದನಿಯಲ್ಲಿ ಹೇಳಿದಳು. ಆಮೇಲೆ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. "ಇವರೇ ಜಿಮ್ಮೇದಾರಿ ತಗೊಂಡು ಇಂಜಿನ್ ವಾಪಸ್ ಕೊಡಿಸ್ಯಾರ. ಟ್ಯಾಂಕಿ ತುಂಬಲಿಲ್ಲಂದ್ರ ಓಣ್ಯಾಗ ಯಾರ ಮುಖ ನೋಡತಾರ?"

ಬಾಡಿಗೆಯ ಇಂಜಿನನ್ನು ಮರಳಿಸಿ ಸೋಲಾರ್ ಹಾಕಿಸೋಣ ಎಂದು ಮನೆ ಮನೆ ತಿರುಗಿ ಒಪ್ಪಿಸಿದವರು ಆ ಅಣ್ಣನೇ. ಈಗ ಹಿಂಗಾರಿ ಬೆಳೆಗೆ ಕೊನೆಯ ನೀರಿನ ಕಾಲ, ಸುತ್ತಲಿನ ಇಂಜಿನುಗಳೆಲ್ಲ ಹೊಲಗಳಲ್ಲಿದ್ದವು, ಬೇಡಿದರೂ ಸಿಗುತ್ತಿರಲಿಲ್ಲ. ಟ್ಯಾಂಕಿ ಅರ್ಧ ತುಂಬಿತ್ತು. ಬೆಳಗ್ಗೆ ಏರಿದ ನೀರು ಓಣಿಯ ಬಳಕೆಗೇ ಸರಿಹೋಗುತ್ತಿತ್ತು. ಬಿಸಿಲು ಚೆನ್ನಾಗಿ ಬೀಳುವ ಹೊತ್ತಿನಲ್ಲೇ ಪಂಪು ನಿಂತರೆ ಟ್ಯಾಂಕಿ ತುಂಬುವುದು ಹೇಗೆ? ಕೆನಾಲು ಯಾವಾಗ ಬಂದ್ ಎಂದು ದಿನಕ್ಕೊಂದು ಸುದ್ದಿ ಹಬ್ಬುತ್ತಿತ್ತು.

ಮೊದಲು ಡಬ್ಬಿಯನ್ನೇ ಬದಲಿಸಿದೆ. ಹೊಸ ಡಬ್ಬಿ ಬೆಳಗ್ಗೆ ಜಾಣಮರಿಯ ಹಾಗೆ ನಡೆಯಿತು, ಮಧ್ಯಾಹ್ನ ಅಣ್ಣನ ಫೋನ್ ಬಂತು. "ಊಟ ಆತೇನ್ರಿ ಅಕ್ಕೋರ" ಎಂಬ ಮಾತು ಕೇಳಿದರೆ ಹಸಿವೆ ಸತ್ತುಹೋಗುವ ಸ್ಥಿತಿ ನನ್ನದಾಯಿತು.

ಹಳೆಯ ಡಬ್ಬಿಯನ್ನು ಯಾದಗಿರಿಗೆ ತಂದು ಟೇಬಲ್ಲಿಗೆ ಹಚ್ಚಿದೆವು. ಬಿಸಿ ಮಾಡಿದೆವು, ಪೂರ್ತಿ ಭಾರ ಕೊಟ್ಟೆವು, ಭಾರವನ್ನು ಒಮ್ಮೆಲೇ ತೆಗೆದೆವು. ಏನೂ ಆಗಲಿಲ್ಲ. ಅಲ್ಲಿ ಹಟ ಹಿಡಿಯುವುದು ಇಲ್ಲಿ ಸಂಭಾವಿತ. ಅತ್ತೆಯ ಮುಂದೆ ಒಂದು ನಡೆ, ತವರಲ್ಲಿ ಒಂದು ನಡೆ ಎಂದು ಮಾಲೀಕರು ನಕ್ಕರು. ನನಗೆ ನಗು ಬರಲಿಲ್ಲ.

ಎರಡನೆಯ ಸಲ ಅಳತೆಯ ಯಂತ್ರವನ್ನು ಹೊತ್ತುಕೊಂಡೇ ಹೋದೆ. ಫಲಕದಿಂದ ಡಬ್ಬಿಗೆ ಬರುವ ವೋಲ್ಟೇಜನ್ನು ಪರದೆಯ ಮೇಲೆ ನೋಡುತ್ತ ಕುಳಿತೆ. ಬೆಳಗ್ಗೆ ನೆಟ್ಟಗಿನ ಗೆರೆ. ಬಿಸಿಲೇರಿ ಪಂಪು ಜೋರು ಹಿಡಿದಂತೆ ಗೆರೆಯಲ್ಲಿ ಸಣ್ಣ ಅಲೆ ಎದ್ದಿತು, ಅಲೆ ದೊಡ್ಡದಾಯಿತು, ಮತ್ತೂ ದೊಡ್ಡದಾಗಿ ಡಬ್ಬಿ ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದ್ ಆಯಿತು. ಅಲೆ ಹೀಗೆ ತಾನಾಗಿ ಬೆಳೆಯುವುದಕ್ಕೇ ಅಸ್ಥಿರತೆ ಎನ್ನುವುದು. ಕಾಯಿಲೆಗೆ ಹೆಸರು ಸಿಕ್ಕಿತು, ಮೂಲ ಸಿಗಲಿಲ್ಲ.

ಗಡಿಬಿಡಿಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫೀಡ್‌ಬ್ಯಾಕನ್ನು ನಿಧಾನ ಮಾಡಿದೆ. ತಿದ್ದುವ ಕೈಯ ಚುರುಕು ಕಡಿಮೆಯಾದರೆ ಅಲೆ ಏಳುವುದಿಲ್ಲ, ನಿಜ. ಆ ಮಧ್ಯಾಹ್ನ ಪಂಪು ನಿಲ್ಲಲಿಲ್ಲ. ಅಣ್ಣ ನನಗೆ ಕೈ ಮುಗಿಯುವುದೊಂದು ಬಾಕಿ. ಆ ರಾತ್ರಿ ಓಣಿಯಲ್ಲೇ ಉಳಿದೆ. ಮರುದಿನ ಬೇಸಿಗೆಯ ಮುಂಚಿನ ಚಿಲ್ಲರೆ ಮೋಡಗಳು ಬಂದವು. ಒಂದು ಮೋಡ ಸೂರ್ಯನಿಗೆ ಅಡ್ಡ ಬಂದರೆ ಫಲಕದ ಶಕ್ತಿ ತಟ್ಟನೆ ಇಳಿಯುತ್ತದೆ. ನಿಧಾನಿಯಾದ ಡಬ್ಬಿಗೆ ಅದು ತಿಳಿಯುವಷ್ಟರಲ್ಲಿ ವೋಲ್ಟೇಜು ಕುಸಿದು ಬಿದ್ದಿರುತ್ತಿತ್ತು. ಮಧ್ಯಾಹ್ನಕ್ಕೊಮ್ಮೆ ನಿಲ್ಲುತ್ತಿದ್ದ ಪಂಪು ಈಗ ಮೋಡಕ್ಕೊಮ್ಮೆ ನಿಲ್ಲತೊಡಗಿತು.

ಮಾಲೀಕರು ಫೋನಿನಲ್ಲಿ ಹೇಳಿದರು, "ಪಾವರ್ ಅರ್ಧಕ್ಕ ಇಳಿಸಿ ಬಂದುಬಿಡವ್ವ. ಅರ್ಧದಾಗ ಅಲೆ ಏಳಂಗಿಲ್ಲ."

"ಅರ್ಧದಾಗ ನೀರು ದಿಬ್ಬ ಹತ್ತಂಗಿಲ್ರಿ ಸರ್."

"ಹಂಗಾದ್ರ ಬಿಚ್ಚಿ ತಗೊಂಡು ಬಾ. ಈ ವರ್ಷ ಆಗಂಗಿಲ್ಲ ಅಂತ ಹೇಳು. ಮುಂದಿನ ವರ್ಷ ನೋಡೂಣು."

ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಕೆಟ್ಟ ಹೆಸರು ಬರುವ ಮುಂಚೆ ಮಾಲು ವಾಪಸ್ ತರುವುದು ವ್ಯಾಪಾರದ ಜಾಣತನ. ಆದರೆ ಮುಂದಿನ ವರ್ಷ ಎಂಬ ಮಾತನ್ನು ಆ ಹೆಣ್ಣುಮಗಳ ಎದುರು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಬಾವಿಯ ಬಳಿ ಕೊಡ ಕೆಳಗಿಟ್ಟು ನಿಂತ ಅವಳು ಕಣ್ಣಿಗೆ ಬರುತ್ತಿದ್ದಳು. "ಇನ್ನೊಂದಿನ ಕೊಡ್ರಿ ಸರ್" ಎಂದು ಫೋನ್ ಇಟ್ಟೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಆ ಸಿಟ್ಟಿನಲ್ಲೇ ಫೀಡ್‌ಬ್ಯಾಕನ್ನು ಮೊದಲಿನ ಚುರುಕಿಗೆ ತಂದಿಟ್ಟೆ. ನನ್ನ ಲೆಕ್ಕ ತಪ್ಪಿಲ್ಲದಿದ್ದರೆ ಬೇರೆ ಏನೋ ತಪ್ಪಿರಬೇಕು, ಅದನ್ನು ಕಾಣದೆ ಇಲ್ಲಿಂದ ಏಳುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅಣ್ಣನ ಹೆಂಡತಿ ಬುತ್ತಿ ತಂದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೇವಿನ ಗಿಡದ ಕೆಳಗೆ ಎರಡು ಖಾಲಿ ಕಬ್ಬಿಣದ ಡ್ರಮ್ಮುಗಳಿದ್ದವು. ಮಿಕ್ಕ ಕೇಬಲ್ಲನ್ನು ಅಣ್ಣ ಅವುಗಳಿಗೆ ಸುತ್ತಿದ್ದರು. ಒಂದಕ್ಕೆ ಬರೀ ಕೆಂಪು, ಇನ್ನೊಂದಕ್ಕೆ ಬರೀ ಕರಿ. ಒಂದು ಸುತ್ತಿನ ಮೇಲೆ ಒಂದು ಸುತ್ತು ಏರದ ಹಾಗೆ, ಬಳೆಗಾರ ಬಳೆ ಜೋಡಿಸಿದಷ್ಟು ಒಪ್ಪವಾಗಿ. ಆಕೆ ಕರಿ ಕೇಬಲ್ಲಿನ ಡ್ರಮ್ಮಿನ ಮೇಲೆ ತಾಟು ಇಟ್ಟು, ತಾಟಿನಲ್ಲಿ ನೀರಿನ ಚರಗಿ ಇಟ್ಟು, "ಉಣ್ಣರಿ ಮೊದಲ, ಡಬ್ಬಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು.

ಎರಡು ತುತ್ತು ಉಂಡಿರಬೇಕು. ಚರಗಿ ತಾಟಿನಲ್ಲಿ ಸಣ್ಣಗೆ ಗಿಣಿಗಿಣಿ ಅನ್ನತೊಡಗಿತು. ಪಂಪಿನ ಅದುರಿಗೆ ಎಂದುಕೊಂಡೆ. ಆದರೆ ಪಂಪು ಗಿಡದ ಆಚೆ ಬದಿಗೆ ಕೈಗಾಡಿಯ ಮೇಲಿತ್ತು, ಅದರ ದನಿಯೇ ಬೇರೆ. ಗಿಣಿಗಿಣಿ ಏರುತ್ತ ಹೋಯಿತು, ಚರಗಿಯ ನೀರಿನ ಮೇಲೆ ಸಣ್ಣ ಉಂಗುರಗಳೆದ್ದವು, ಮರುಕ್ಷಣ ಪಂಪು ನಿಂತಿತು. ಚರಗಿಯೂ ಸುಮ್ಮನಾಯಿತು.

"ದಿನಾ ಹಿಂಗ ಅಂತದರಿ," ಎಂದಳು ಆಕೆ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. "ಪಂಪಿನ ಸದ್ದಿಗಿ ಅಂತ ಬಿಟ್ಟಿದ್ದೆ."

ನಾನು ಎಂಜಲು ಕೈಯಲ್ಲೇ ಎದ್ದು ಡ್ರಮ್ಮಿಗೆ ಕಿವಿ ಹಚ್ಚಿದೆ. ಪಂಪನ್ನು ಮತ್ತೆ ಶುರು ಮಾಡಿಸಿದೆ. ಪಂಪು ಜೋರು ಹಿಡಿಯುತ್ತಿದ್ದಂತೆ ಡ್ರಮ್ಮಿನ ತಗಡು ಗುಂಯ್ ಎಂದಿತು, ಗುಂಯ್ ಏರಿತು, ಪಂಪು ನಿಂತಿತು. ಕೆಂಪು ಕೇಬಲ್ಲಿನ ಡ್ರಮ್ಮೂ ಹಾಗೆಯೇ. ಅಲೆ ಆಡುತ್ತಿದ್ದದ್ದು ಇಲ್ಲಿ.

ನನಗೆ ಒಂದು ಕಡೆ ನಗು, ಒಂದು ಕಡೆ ಅಳು. ತಂತಿಯನ್ನು ಸುತ್ತು ಸುತ್ತು ಮಾಡಿದರೆ ಅದು ಕಾಯಿಲ್ ಆಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದುತ್ತೇವೆ. ಕಾಯಿಲ್ ಕರೆಂಟಿನ ಏರಿಳಿತಕ್ಕೆ ಅಡ್ಡ ನಿಲ್ಲುತ್ತದೆ, ಕೊಟ್ಟದ್ದನ್ನು ತಡವಾಗಿ ಕೊಡುತ್ತದೆ, ತಡೆದದ್ದನ್ನು ತಡವಾಗಿ ಬಿಡುತ್ತದೆ. ಅಣ್ಣ ಮುತುವರ್ಜಿಯಿಂದ ಸುತ್ತಿದ್ದ ಆ ಎರಡು ಡ್ರಮ್ಮುಗಳು ಫಲಕಕ್ಕೂ ಡಬ್ಬಿಗೂ ನಡುವೆ ಎರಡು ದೊಡ್ಡ ಕಾಯಿಲ್‌ಗಳಾಗಿದ್ದವು. ಇತ್ತ ನನ್ನ ಡಬ್ಬಿಯ ಸ್ವಭಾವವೂ ಗಮನಿಸಬೇಕಾದದ್ದೇ. ಸಾದಾ ಬಲ್ಬಿಗೆ ವೋಲ್ಟೇಜು ಕಡಿಮೆಯಾದರೆ ಅದು ಮಂಕಾಗಿ, ಕರೆಂಟನ್ನೂ ಕಡಿಮೆ ಎಳೆಯುತ್ತದೆ. ಬಿಸಿಲು ಇರುವಾಗ ಪಂಪಿನ ವೇಗ ಇಳಿಯಬಾರದೆಂದು ನಾನು ಕಲಿಸಿದ ಡಬ್ಬಿ ಹಾಗಲ್ಲ. ವೋಲ್ಟೇಜು ಇಳಿದರೆ ಅದು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದದ್ದಕ್ಕೆ ವೋಲ್ಟೇಜು ಇನ್ನೂ ಇಳಿಯುತ್ತದೆ. ಫೀಡ್‌ಬ್ಯಾಕ್ ಎಷ್ಟು ಚುರುಕೋ ಅಷ್ಟು ಹಟ. ಬಿಸಿಲೇರಿ ಶಕ್ತಿ ಹೆಚ್ಚಿದಷ್ಟೂ ಹಟ ಹೆಚ್ಚು. ಇಂಥ ಹಟಮಾರಿಗೆ ತಡಮಾಡಿ ಕೊಡುವ ಕಾಯಿಲ್ ಗಂಟುಬಿದ್ದರೆ ಅಲೆ ಬೆಳೆಯದೆ ಇನ್ನೇನಾಗುತ್ತದೆ? ಡಬ್ಬಿ ಒಂದೇ ಇದ್ದಾಗ ಸ್ಥಿರ, ಕೇಬಲ್ಲು ಒಂದೇ ಇದ್ದಾಗ ನಿರುಪದ್ರವಿ, ಕೂಡಿಸಿದಾಗ ಜಗಳ. ಟೇಬಲ್ಲಿನ ಮೇಲೆ ನಾನು ಗಿಡ್ಡ ವಯರು ಹಚ್ಚಿ ನೋಡಿದ್ದೆ, ಈ ಜಗಳ ಅಲ್ಲಿ ಕಾಣುವುದಾದರೂ ಹೇಗೆ?

ಮದ್ದು ಸುಲಭ. ಕೆಂಪು, ಕರಿ ಎರಡನ್ನೂ ಜೊತೆಗೂಡಿಸಿ ಕಟ್ಟಬೇಕು. ಕರೆಂಟು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತದೆ. ಆಮೇಲೆ ಎಷ್ಟು ಸುತ್ತಿದರೂ ಚಿಂತೆಯಿಲ್ಲ. ಡಬ್ಬಿಯ ಬಾಯಿಗೆ ಒಂದು ಕೆಪಾಸಿಟರು, ಅದರ ಜೊತೆ ಒಂದು ರೆಸಿಸ್ಟರು ಹಾಕಿದರೆ ಉಳಿದ ಅಲೆಯನ್ನೂ ಅವು ನುಂಗಿಕೊಳ್ಳುತ್ತವೆ. ಇದೆಲ್ಲವನ್ನೂ ಹುಮ್ಮಸ್ಸಿನಿಂದ ಅಣ್ಣನಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಕೆಂಪು ಕರಿ ಕೂಡಿ ಕಟ್ಟೂದೇನ್ರಿ?"

"ಹೌದ್ರಿ ಅಣ್ಣಾ."

"ಆಗಂಗಿಲ್ಲರಿ ಅಕ್ಕೋರ. ಬ್ಯಾರೆ ಏನರ ಹೇಳ್ರಿ, ಮಾಡತೀನಿ."

ಅವರು ಟ್ರ್ಯಾಕ್ಟರ್ ಹೊಡೆದು ದೊಡ್ಡವರಾದವರು. ಬ್ಯಾಟರಿಯ ಕೆಂಪಿಗೆ ಕರಿ ತಗುಲಿ ಅವರ ಒಡಹುಟ್ಟಿದ ಹಿರಿಯಣ್ಣನ ಅಂಗೈ ಸುಟ್ಟದ್ದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಕೆಂಪು ಕರಿ ಹತ್ತಿರ ಬರಬಾರದು ಎಂಬುದು ಅವರಿಗೆ ವೇದವಾಕ್ಯ. ಎರಡು ಡ್ರಮ್ಮು ಹುಡುಕಿ ತಂದು ಬೇರೆ ಬೇರೆ ಸುತ್ತಿದ್ದು ಅದಕ್ಕೇ. ಈ ಪಂಪಿನ ಸುತ್ತ ಓಣಿಯ ಮಕ್ಕಳು ಆಡುತ್ತವೆ. ಆ ಮನುಷ್ಯ ಜೋಪಾನ ಮಾಡಿದ್ದೇ ಪಂಪಿಗೆ ಮುಳುವಾಗಿತ್ತು. ಅದನ್ನು ಅವರಿಗೆ ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಸ್ವಿಚ್ ಆಫ್ ಮಾಡಿ, ಕೇಬಲ್ಲಿನ ಒಂದು ತುಂಡನ್ನು ಅವರೆದುರೇ ಸಿಗಿದು ತೋರಿಸಿದೆ. ಬ್ಯಾಟರಿಯಲ್ಲಿ ಬೆಂಕಿ ಹತ್ತುವುದು ಬರಿಮೈ ತಾಮ್ರಕ್ಕೆ ತಾಮ್ರ ತಗುಲಿದಾಗ, ಇದರ ಮೈಮೇಲೆ ಎರಡು ಪದರ ಹೊದಿಕೆ ಇದೆ ಎಂದೆ. ಅವರು ಹೊದಿಕೆಯನ್ನು ಉಗುರಿನಿಂದ ಕೆರೆದು ನೋಡಿದರು, ಹಲ್ಲಿನಿಂದ ಕಚ್ಚಿ ನೋಡಿದರು.

"ನಿಮ್ಮ ಮನಿ ಮುಂದ ಇದ್ರ ಹಿಂಗ ಕಟ್ಟತಿದ್ರೇನ್ರಿ?"

"ಕಟ್ಟತಿದ್ದೆ ಅಣ್ಣಾ. ನಮ್ಮಕ್ಕನ ಮಕ್ಕಳು ಅಲ್ಲೇ ಆಡತಾವ, ಆದ್ರೂ ಕಟ್ಟತಿದ್ದೆ."

ಗಂಡ ಇನ್ನೂ ಯೋಚಿಸುತ್ತಲೇ ಇದ್ದರು. ಹೆಂಡತಿ ಮನೆಗೆ ಹೋಗಿ ಹಳೆಯ ಸೀರೆಯೊಂದನ್ನು ತಂದು ಚರಚರ ಹರಿಯತೊಡಗಿದಳು. "ಎಷ್ಟು ದೂರಕ್ಕೊಂದು ಗಂಟು ಹಾಕಬೇಕು ಹೇಳ್ರಿ" ಎಂದು ನನ್ನನ್ನು ಕೇಳಿದಳು. ಆಮೇಲೆ ಅಣ್ಣ ಬಗ್ಗಿ ಡ್ರಮ್ಮಿನ ಮೇಲಿನ ಮೊದಲ ಸುತ್ತು ಬಿಚ್ಚಿದರು. ತಾವೇ ಅಷ್ಟು ಚಂದ ಸುತ್ತಿದ್ದನ್ನು ಬಿಚ್ಚುವಾಗ ಅವರ ಮುಖ ನೋಡಲಾಗಲಿಲ್ಲ. ನಾನು ಅಂದೇ ಬಸ್ಸು ಹಿಡಿದು ಯಾದಗಿರಿಗೆ ಹೋಗಿ ಕೆಪಾಸಿಟರು, ರೆಸಿಸ್ಟರು ಕೂಡಿಸಿದ ಪುಟ್ಟ ಪೆಟ್ಟಿಗೆ ಮಾಡಿಕೊಂಡು ಮರುದಿನ ಬೆಳಗ್ಗೆ ಬಂದೆ. ದಿಬ್ಬದಿಂದ ಕೆನಾಲಿನವರೆಗೆ ಕೆಂಪು ಕರಿ ಕೂಡಿಕೊಂಡು ಬಂದಿದ್ದವು, ಮೊಳಕ್ಕೊಂದು ಹಸಿರು ಸೀರೆಯ ಗಂಟು. ಮಿಕ್ಕದ್ದನ್ನು ಕೂಡಿಸಿಯೇ ಗಿಡದ ಕೆಳಗೆ ಸಿಂಬಿ ಸುತ್ತಿ ಇಟ್ಟಿದ್ದರು. ಡ್ರಮ್ಮುಗಳು ಖಾಲಿಯಾಗಿ ಪಕ್ಕದಲ್ಲಿ ನಿಂತಿದ್ದವು.

ಪೆಟ್ಟಿಗೆಯನ್ನು ಡಬ್ಬಿಯ ಬಾಯಿಗೆ ಹಚ್ಚಿದೆ. ಬಿಸಿಲೇರಿತು. ಆಕೆ ಚರಗಿಯನ್ನು ತಂದು ಕೇಬಲ್ಲಿನ ಸಿಂಬಿಯ ಪಕ್ಕದ ಡ್ರಮ್ಮಿನ ಮೇಲೆ ಇಟ್ಟಳು. ನಾನು ಪರದೆ ನೋಡಲಿಲ್ಲ, ಚರಗಿಯನ್ನೇ ನೋಡಿದೆ. ಅಣ್ಣ ಪಂಪಿನ ಹತ್ತಿರ ಹೋಗದೆ ದೂರ ನಿಂತು ಕೇಬಲ್ಲಿನ ಮೇಲೆ ಕಣ್ಣಿಟ್ಟಿದ್ದರು, ಎಲ್ಲಿ ಹೊಗೆ ಏಳುತ್ತದೋ ಎಂದು. ನೆರಳು ಗಿಡದ ಬುಡಕ್ಕೆ ಬಂತು. ಪಂಪು ನಡೆಯುತ್ತಿತ್ತು. ಮೋಡವೊಂದು ಬಂತು, ಪಂಪು ದನಿ ತಗ್ಗಿಸಿತು, ಮೋಡ ಹೋಯಿತು, ಮತ್ತೆ ದನಿ ಏರಿಸಿತು. ಚರಗಿಯ ನೀರಿನ ಮೇಲೆ ಒಂದು ಉಂಗುರವೂ ಏಳಲಿಲ್ಲ.

"ಊಟ ಆತೇನ್ರಿ ಅಕ್ಕೋರ?" ಎಂದರು ಅಣ್ಣ, ಎದುರಿಗೇ ನಿಂತು. ಮೂವರೂ ನಕ್ಕೆವು. ನನಗೆ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

ಟ್ಯಾಂಕಿ ತುಂಬುವ ಮೊದಲೇ ಕೆನಾಲು ಬಂದ್ ಆಯಿತು. ನೀರು ದಿನದಿನಕ್ಕೆ ಇಳಿಯಿತು. ಓಣಿಯವರು ಕೈಗಾಡಿಯನ್ನು ತಿರುವಿನ ತಗ್ಗಿಗೆ ತಳ್ಳಿಕೊಂಡು ಹೋದರು, ಗಂಟು ಹಾಕಿದ ಕೇಬಲ್ಲು ಸಿಂಬಿ ಬಿಚ್ಚಿಕೊಳ್ಳುತ್ತ ಹಿಂದೆ ಹೋಯಿತು. ಇಡೀ ಬಿಸಿಲನ್ನು ಪಂಪು ಉಂಡಿತು. ಒಂದು ಮಧ್ಯಾಹ್ನ ಫೋನ್ ಬಂತು, ಊಟದ ವಿಚಾರ ಕೇಳದೆ ಅಣ್ಣ ನೇರ ವಿಷಯಕ್ಕೆ ಬಂದದ್ದು ಅದೊಂದೇ ಸಲ. "ಟ್ಯಾಂಕಿ ತುಂಬಿ ಹೊರಗ ಚೆಲ್ಲಾಕತ್ತದರಿ. ಪಂಪ್ ಬಂದ್ ಮಾಡ್ಲಿ?"

ಈಗ ನಮ್ಮ ಎಲ್ಲ ಡಬ್ಬಿಗಳ ಬಾಯಿಗೂ ಆ ಕೆಪಾಸಿಟರಿನ ಪೆಟ್ಟಿಗೆ ಇರುತ್ತದೆ. ಟೇಬಲ್ಲಿನ ಮೇಲೆ ಪರೀಕ್ಷಿಸುವಾಗ ಕೆಂಪು ಕರಿ ಕೇಬಲ್ಲನ್ನು ಬೇರೆ ಬೇರೆ ಡ್ರಮ್ಮಿಗೆ ಸುತ್ತಿಯೂ ನೋಡುತ್ತೇನೆ. ಮಾಲೀಕರು ಅದಕ್ಕೆ ಅತ್ತೆಮನೆ ಪರೀಕ್ಷೆ ಎಂದು ಹೆಸರಿಟ್ಟಿದ್ದಾರೆ.

ಆ ಬೇಸಿಗೆ ಶಹಾಪುರಕ್ಕೆ ಬೇರೆ ಕೆಲಸಕ್ಕೆ ಹೋದವಳು ಬರುವಾಗ ಓಣಿಗೆ ಹೋದೆ. ಬಿಸಿಲು ಸುಡುತ್ತಿತ್ತು. ಆ ಎರಡು ಡ್ರಮ್ಮುಗಳನ್ನು ತೊಳೆದು ದನಗಳಿಗೆ ನೀರು ತುಂಬಿಸಿಟ್ಟಿದ್ದರು. ಟ್ಯಾಂಕಿಯ ನಲ್ಲಿಯ ಹತ್ತಿರ ಅಣ್ಣನ ಹೆಂಡತಿ ನಿಂತಿದ್ದಳು. ಸ್ವಲ್ಪ ದೂರದಲ್ಲಿ ಊರೊಳಗಿನ ವಯಸ್ಸಾದ ಹೆಂಗಸೊಬ್ಬಳು, ಕೊಡವನ್ನು ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ನಿಂತಿದ್ದಳು. ಊರಿನ ಬಾವಿ ತಳ ಕಂಡಿದೆ ಎಂದು ದಾರಿಯಲ್ಲೇ ಕೇಳಿದ್ದೆ. ಯಾರಾದರೂ ತುಂಬಿಕೊಡಲಿ ಎಂದು ಆಕೆ ಕಾಯುತ್ತಿದ್ದಳು.

ಅಣ್ಣನ ಹೆಂಡತಿ ಆಕೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಲ್ಲಿಯ ಹತ್ತಿರದಿಂದ ಪಕ್ಕಕ್ಕೆ ಸರಿದು ನಿಂತಳು.

"ದೂರ ಯಾಕ ನಿಂತೀರಿ ಯವ್ವಾ, ಬರ್ರಿ. ನಲ್ಲಿ ನೀವ ತಿರುವ್ರಿ. ನಿಮ್ಮ ಕೈಲೇ ತುಂಬ್ಕೋರಿ."